ಗಲ್ಲಾದ ಬೀಗದ ಕೈ ಯಾರ ಹತ್ತಿರ ಇದೆ?

ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬರುವ ಸಂಘಗಳ ವಾರ್ಷಿಕೋತ್ಸವದ ಫೋಟೊಗಳನ್ನು ನಾನು ತಪ್ಪದೆ ನೋಡುತ್ತೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆ ಮೇಲೆ ಉದ್ಯಮಿಗಳು, ಹೋಟೆಲ್ ಮಾಲೀಕರು, ದಾನಿಗಳು. ಅದೇ ಹೋಟೆಲನ್ನು ಮೂವತ್ತು ವರ್ಷ ನಡೆಸಿದ ಮ್ಯಾನೇಜರ್ ಎಲ್ಲಿರುತ್ತಾರೆ ಗೊತ್ತಾ? ಸಭಾಂಗಣದ ಹಿಂದೆ ಊಟದ ವ್ಯವಸ್ಥೆ ನೋಡ್ತಾ ಇರುತ್ತಾರೆ. ಅಪ್ಪಿತಪ್ಪಿ ಫೋಟೊದ ಅಂಚಿನಲ್ಲಿ ಅರ್ಧ ಮುಖ ಬಂದರೂ, ಕೆಳಗೆ 'ಮತ್ತಿತರರು' ಅಂತಲೇ ಇರುತ್ತದೆ.

ಇದು ಹೊಟ್ಟೆಕಿಚ್ಚಿನ ಮಾತಲ್ಲ. ಸ್ವಲ್ಪ ಇದ್ದರೂ ಇರಬಹುದು, ಬಿಡಿ.

ನನ್ನ ಅಪ್ಪ ಮುಂಬಯಿಯ ಮಾಟುಂಗಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಟೇಬಲ್ ಒರೆಸುವ ಕೆಲಸದಿಂದ ಶುರು ಮಾಡಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದಲ್ಲಿ ಕೂತವರು. ಯಾವುದೋ ಹುಡುಗನ ತಾಯಿಗೆ ಹುಷಾರಿಲ್ಲ ಅಂತ ಊರಿಂದ ಸುದ್ದಿ ಬಂದರೆ, ಅಪ್ಪ ಯಾರನ್ನೂ ಕೇಳದೆ ಗಲ್ಲಾ ತೆಗೆದು ಬಸ್ ಚಾರ್ಜು, ಮೇಲೊಂದಿಷ್ಟು ಖರ್ಚಿಗೆ ಕೊಟ್ಟು, ಒಂದು ಚೀಟಿ ಬರೆದಿಡುತ್ತಿದ್ದರು. ಸಂಜೆ ಧಣಿಗಳು ಬಂದು ಚೀಟಿ ನೋಡಿ "ಆಯ್ತು" ಅಂದರೆ ಮುಗಿಯಿತು. ಹಾಗಂತ ಹಳೆಯ ಕಾಲ ಚಿನ್ನದ್ದೇನಲ್ಲ. ಸಂಬಳ ಕಡಿಮೆ, ರಜೆ ಅಂತೂ ಕೇಳಲೇಬೇಡಿ. ಆದರೆ ಬೀಗದ ಕೈ ಅಪ್ಪನ ಹತ್ತಿರ ಇತ್ತು.

ಈಗ ನನ್ನ ಕಥೆ. ಭಿವಂಡಿಯ ಒಂದು ಗೋದಾಮಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್. ನನ್ನ ಶಿಫ್ಟಿನಲ್ಲಿ ನಲವತ್ತು ಜನ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ, ಸೆಂಟ್ರಲ್ ಲೈನ್ ರೈಲು ನಿಂತು ಅರ್ಧಕ್ಕರ್ಧ ಜನ ಬರದೆ, ಬಂದವರೇ ಎರಡು ಪಾಳಿ ಮಾಡ್ತಾ ಇದ್ದಾಗ, ಒಬ್ಬ ಹುಡುಗನ ಕೈ ಸರಕು ಪೇರಿಸುವ ಪ್ಯಾಲೆಟ್ ಅಡಿ ಸಿಕ್ಕಿಬಿತ್ತು. ರಿಕ್ಷಾ, ಆಸ್ಪತ್ರೆ, ಔಷಧಿ, ಎಲ್ಲ ನನ್ನ ಜೇಬಿನಿಂದ ಕೊಟ್ಟೆ. ಬಿಲ್ ಹಾಕಿದರೆ ಮೂರು ತಿಂಗಳು ಬಿಟ್ಟು ಉತ್ತರ ಬಂತು: ಮುಂಚಿತವಾಗಿ ಒಪ್ಪಿಗೆ ಯಾಕೆ ಪಡೆಯಲಿಲ್ಲ? ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳಬೇಕಿತ್ತು, ನೀವೇ ಹೇಳಿ. ಅದೇ ರಾತ್ರಿಯ ಡಿಸ್ಪ್ಯಾಚ್ ತಡವಾದದ್ದಕ್ಕೆ ಮೆಮೊ ಮಾತ್ರ ಮರುದಿನವೇ ಬಂದಿತ್ತು.

ಮೇಲಿನವರಿಗೆ ನಾವು ಕೆಲಸದವರ ಪರ. ಕೆಲಸದವರಿಗೆ ನಾವು ಕಂಪನಿಯ ಬಾಲ. ಕಾನೂನಿನ ಕಣ್ಣಿಗೂ ನಾವು ನಡುವಿನವರೇ. ಮಾಥಾಡಿಗಳಿಗೆ, ಅಂದರೆ ಹೊರೆ ಹೊರುವ ಹಮಾಲರಿಗೆ, ಮಹಾರಾಷ್ಟ್ರದಲ್ಲಿ 1969ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಮಂಡಳಿಗಳಿವೆ, ಇರಲೇಬೇಕು. ನಮ್ಮಂಥ ಮೇಲ್ವಿಚಾರಕರಿಗೆ ತಿಂಗಳಿಗೆ 10 ಸಾವಿರ ದಾಟಿದರೆ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 'ಕಾರ್ಮಿಕ' ಅನ್ನುವ ಹೆಸರೇ ಇರಲಿಲ್ಲ. 2020ರ ಕೈಗಾರಿಕಾ ಸಂಬಂಧ ಸಂಹಿತೆ ಆ ಮಿತಿಯನ್ನು 18 ಸಾವಿರಕ್ಕೆ ಏರಿಸಿತು. ಮುಂಬಯಿಯಲ್ಲಿ 18 ಸಾವಿರಕ್ಕೆ ಯಾವ ಸೂಪರ್‌ವೈಸರ್ ಸಿಗ್ತಾನೆ? ಅಂದರೆ ನಮ್ಮ ತಕರಾರು ಹೇಳಿಕೊಳ್ಳೋಕೆ ಯೂನಿಯನ್ನೂ ಇಲ್ಲ, ಮಾಲೀಕರ ಕ್ಲಬ್ಬೂ ಇಲ್ಲ.

ಈಗ ದೊಡ್ಡ ಕಂಪನಿಗಳಲ್ಲಿ ಮಧ್ಯದ ಮ್ಯಾನೇಜರುಗಳನ್ನೇ ತೆಗೆದುಹಾಕುವ ಮಾತು ಜಾಸ್ತಿಯಾಗಿದೆ. ಗೂಗಲ್ 2002ರಲ್ಲೇ ಇದನ್ನು ಮಾಡಿ ನೋಡಿತ್ತು. ಎಂಜಿನಿಯರುಗಳ ಮೇಲೆ ಮ್ಯಾನೇಜರುಗಳೇ ಬೇಡ ಅಂತ ತೆಗೆದರು. ಕೆಲವೇ ತಿಂಗಳಲ್ಲಿ ಖರ್ಚಿನ ಬಿಲ್ಲು, ಒಬ್ಬರಿಗೊಬ್ಬರ ಜಗಳ, ಎಲ್ಲವೂ ನೇರ ಕಂಪನಿ ಸ್ಥಾಪಕರಲ್ಲಿ ಒಬ್ಬರಾದ ಲ್ಯಾರಿ ಪೇಜ್ ಮುಂದೆ ಬಂದು ನಿಂತವು. ಪ್ರಯೋಗ ಅಲ್ಲಿಗೆ ನಿಂತಿತು. ಆಮೇಲೆ ಅವರೇ, ಮ್ಯಾನೇಜರುಗಳಿಂದ ನಿಜಕ್ಕೂ ವ್ಯತ್ಯಾಸ ಆಗುತ್ತಾ ಅಂತ ಪರೀಕ್ಷೆ ಮಾಡಿದರು. ಆಗುತ್ತೆ ಅಂತ ಗೊತ್ತಾಯಿತು. ಒಳ್ಳೆಯ ಮ್ಯಾನೇಜರಿನ ಗುಣಗಳಲ್ಲಿ ಮೊದಲು ಬರೆದದ್ದು, ಜನರಿಗೆ ಕಲಿಸಿ ಬೆಳೆಸುವುದು. ಅದನ್ನು ನಮಗೆ ಯಾರು ಕಲಿಸಿದರು? ಚೆನ್ನಾಗಿ ಲೆಕ್ಕ ಇಡುತ್ತಿದ್ದೆ ಅಂತ ಶುಕ್ರವಾರ ಪ್ರಮೋಷನ್ ಲೆಟರ್ ಕೊಟ್ಟರು, ಸೋಮವಾರದಿಂದ ನಲವತ್ತು ಜನ ನನ್ನ ತಲೆ ಮೇಲೆ.

ನಮ್ಮ ಕನ್ನಡಿಗ ಉದ್ಯಮಿಗಳು ಅನೇಕರು ನಿಮ್ಮ ಪತ್ರಿಕೆ ಓದುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮ್ಯಾನೇಜರ್ ಕೇಳದೆ ಎಷ್ಟು ಖರ್ಚು ಮಾಡಬಹುದು ಅಂತ ಒಂದು ಮೊತ್ತ ಬರೆದುಕೊಡಿ, ಐದು ಸಾವಿರವಾದರೂ ಆಗಲಿ. ಅವರ ಕೈಕೆಳಗಿನವರಿಗೆ ರಜೆ ಕೊಡುವ ಅಧಿಕಾರ ಅವರಿಗೇ ಇರಲಿ. ಅವರು ಇಲ್ಲ ಅಂದದ್ದನ್ನು ನೀವು ಹಿಂದಿನಿಂದ ಹೂಂ ಅನ್ನಬೇಡಿ. ಇದೊಂದೇ ಕೆಲಸ ನಮ್ಮ ಮರ್ಯಾದೆಯನ್ನು ಅರ್ಧ ತೆಗೆಯೋದು.

ಸಂಘದವರಿಗೂ ಒಂದು ಮಾತು. ಈ ಸಲ ಒಬ್ಬ ಹಳೆಯ ಹೋಟೆಲ್ ಮ್ಯಾನೇಜರನ್ನು ವೇದಿಕೆಗೆ ಕರೆಯಿರಿ. ಶಾಲು ಇಲ್ಲದಿದ್ದರೂ ನಡೆಯುತ್ತೆ. ಆ ಫೋಟೊ ನಿಮ್ಮಲ್ಲಿಗೆ ಬಂದಾಗ, ಸಂಪಾದಕರೇ, ಕೆಳಗೆ ದಯವಿಟ್ಟು ಹೆಸರು ಹಾಕಿ.

ಇತಿ,
ಮತ್ತಿತರರಲ್ಲಿ ಒಬ್ಬ, ಡೊಂಬಿವಲಿ