ನಾಳೆ ಮಳೆ ಬರುತ್ತಂತೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಲ್ಲಿ 'ಯುದ್ಧದ ಸಿನಿಮಾ ಅಂದ್ರೆ ಬರೀ ಢಂ ಢಂ, ನಂಗೆ ಬೇಡ ಮಾರಾಯ' ಅಂದೆಯಲ್ಲ, ಆಗಲೇ ಹೇಳಬೇಕಿತ್ತು. ಬಹಮನ್ ಗೊಬಾದಿಯ 'ಟರ್ಟಲ್ಸ್ ಕ್ಯಾನ್ ಫ್ಲೈ' ನೋಡು. 2004ರದ್ದು. ನಿರ್ದೇಶಕ ಗೊಬಾದಿ ಇರಾನಿನ ಕುರ್ದ್ ಜನಾಂಗದವನು. ಕಥೆ ನಡೆಯುವುದು ಇರಾಕ್-ಟರ್ಕಿ ಗಡಿಯ ಕುರ್ದರ ಹಳ್ಳಿಯಲ್ಲಿ, ನಿರಾಶ್ರಿತರ ಡೇರೆಗಳ ನಡುವೆ. 2003ರಲ್ಲಿ ಅಮೆರಿಕ ಸದ್ದಾಮನ ಮೇಲೆ ಏರಿಹೋಗುವುದಕ್ಕೆ ಸ್ವಲ್ಪ ಮುಂಚೆ.

ಶುರುವಿಗೆ ನಗುವೇ ಬರುತ್ತೆ ಕಣೋ. ಗುಡ್ಡದ ಮೇಲೆ ಊರಿಗೂರೇ ಆಂಟೆನಾ ತಿರುಗಿಸುತ್ತ ನಿಂತಿದೆ! ನೀನು ಹೆಂಚಿನ ಮೇಲೆ ಹತ್ತಿ 'ಬಂತಾ? ಈಗ ಬಂತಾ?' ಅಂತ ಕೂಗ್ತಿದ್ದೆಯಲ್ಲ, ಥೇಟ್ ಹಾಗೆ. ನಮಗೆ ಭಾನುವಾರದ ಸಿನಿಮಾ ಬೇಕಿತ್ತು, ಅವರಿಗೆ ಯುದ್ಧ ಯಾವತ್ತು ಅಂತ ತಿಳಿಯಬೇಕು. ಡಿಶ್ ಕೂರಿಸಿಕೊಡುವವನು ಮೀಸೆ ಚಿಗುರದ ಹುಡುಗ, ಹೆಸರೇ ಸ್ಯಾಟಲೈಟ್. ಬುಷ್ ಏನಂತಾನೆ ಅಂತ ಹಿರಿಯರು ಕೇಳಿದರೆ, ಅರೆಬರೆ ಇಂಗ್ಲಿಷಿನ ಈ ಪುಣ್ಯಾತ್ಮ 'ನಾಳೆ ಮಳೆ ಬರುತ್ತಂತೆ' ಅಂದುಬಿಡ್ತಾನೆ.

ಅಲ್ಲಿನ ಮಕ್ಕಳಿಗೆಲ್ಲ ಮೇಸ್ತ್ರಿಯೂ ಅವನೇ. ಹೊಲದಲ್ಲಿ ಹೂತಿಟ್ಟ ನೆಲಬಾಂಬು ಕಿತ್ತು ಮಾರುವುದು ಅವರ ಕೂಲಿ. ನಾವು ಗುಜರಿ ಅಂಗಡಿಯಲ್ಲಿ ಹಳೇ ಪೇಪರಿಗೆ ಮಾಡಿದ ಹಾಗೆ ಬಾಂಬಿನ ದರಕ್ಕೆ ಚೌಕಾಸಿ. ಹೆಂಗೋವ್ ಅನ್ನೋ ಹುಡುಗನಿಗೆ ಎರಡೂ ಕೈ ಇಲ್ಲ, ನೆಲಕ್ಕೆ ಬಾಗಿ ಬಾಯಲ್ಲೇ ಬಾಂಬು ಬಿಚ್ಚುತ್ತಾನೆ. ಇವರು ಯಾರೂ ನಟರಲ್ಲ, ಆ ಸೀಮೆಯ ಮಕ್ಕಳೇ. ಪಾತ್ರ ಮಾಡಿದ ಹುಡುಗನಿಗೂ ನಿಜವಾಗಿ ಕೈಗಳಿಲ್ಲ. (ಹೆಂಗೋವ್‌ಗೆ ಭವಿಷ್ಯ ಮೊದಲೇ ಕಣ್ಣಿಗೆ ಕಾಣುವ ಶಕ್ತಿ ಇದೆ ಅನ್ನೋದು ನನಗೆ ಅಷ್ಟು ರುಚಿಸಲಿಲ್ಲ.) ಪಶೋ ಅನ್ನೋ ಇನ್ನೊಬ್ಬ, ಸೊಟ್ಟ ಕಾಲನ್ನೇ ಬಂದೂಕು ಮಾಡಿ ಗಡಿ ಕಾವಲಿನವರತ್ತ ಗುರಿ ಹಿಡಿಯುತ್ತಾನೆ. ಅಲ್ಲಿ ನಗಬೇಕೋ ಬೇಡವೋ ಗೊತ್ತಾಗದೆ ಕೂತೆ.

ಅಗ್ರಿನ್ ಹೆಂಗೋವ್‌ನ ತಂಗಿ. 1988ರಲ್ಲಿ ಸದ್ದಾಮ್ ವಿಷಾನಿಲ ಸುರಿದನಲ್ಲ, ಆ ಹಲಬ್ಜಾದ ಕಡೆಯಿಂದ ಬಂದವರು. ಅವಳ ಬೆನ್ನಿಗೆ ಕಣ್ಣು ಕಾಣದ ಒಂದು ಕೂಸು. ತಮ್ಮ ಅಂದುಕೊಳ್ತೀವಿ. ಅಲ್ಲ. ಸೈನಿಕರ ಅತ್ಯಾಚಾರದಿಂದ ಹುಟ್ಟಿದ ಅವಳದೇ ಮಗು. ಅದನ್ನು ಎಲ್ಲಾದರೂ ಬಿಟ್ಟು ಹೋಗಬೇಕು ಅಂತಲೇ ಅವಳ ಹಟ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನೋಡಿದೆ, ಆಗಲಿಲ್ಲ. ಮುಂದಿನದನ್ನು ಬರೆಯಲಾರೆ.

ಕೊನೆಗೆ ಅಮೆರಿಕದ ಸೈನಿಕರು ಬಂದೇ ಬರುತ್ತಾರೆ. ಸಿನಿಮಾದುದ್ದಕ್ಕೂ ಅವರಿಗಾಗಿ ಹಂಬಲಿಸಿದ ಸ್ಯಾಟಲೈಟ್, ಊರುಗೋಲು ಹಿಡಿದು ರಸ್ತೆ ಬದಿಗೆ ನಿಂತಿದ್ದಾನೆ. ಅವರು ಎದುರಿಗೇ ಹಾದುಹೋಗುವಾಗ ಬೆನ್ನು ತಿರುಗಿಸುತ್ತಾನೆ.

ಡಿವಿಡಿ ನನ್ನ ಹತ್ತಿರ ಇದೆ, ಬಂದಾಗ ಕೊಡ್ತೀನಿ. ರಾತ್ರಿ ಒಬ್ಬನೇ ಕೂತು ನೋಡಬೇಡ.

ನಿನ್ನವನೇ