ತಿಥಿ ಊಟದ ಲೆಕ್ಕ

ಪ್ರಿಯ ಮಂಜು,

ನಿಮ್ಮ ಎಸ್ಟೇಟಿನ ಪಕ್ಕದ ಲೈನಿನಲ್ಲಿ (ಕೂಲಿ ಮನೆಗಳ ಸಾಲು) ತೀರಿಕೊಂಡವರ ಹೆಂಡತಿ ತಿಥಿಗೆ ಸಾಲ ಕೇಳ್ತಿದ್ದಾರೆ, ಏನು ಹೇಳಲಿ ಅಂತ ಬರೆದಿದ್ದೀಯ. ಮೊದಲು ಲೆಕ್ಕ ನೋಡು.

ಮಣ್ಣು ಮಾಡೋಕೆ ಯಾರೂ ಮುಳುಗಲ್ಲ ಕಣೋ. ಗುಂಡಿ ತೋಡೋರು ಊರವರೇ, ಚಟ್ಟಕ್ಕೆ ಬಿದಿರು ತೋಟದಲ್ಲೇ ಇದೆ. ಸುಡೋದಾದರೆ ಮಾತ್ರ ಕನಿಷ್ಠ 300 ಕೆಜಿ ಒಣ ಸೌದೆ ಬೇಕು. ಸಕಲೇಶಪುರದ ಮಳೆಗಾಲದಲ್ಲಿ ಸೌದೆ ಹಸಿಯಾಗಿದ್ದರೆ ಅದೂ ಸಾಲದು.

ಮನೆ ಮುರಿಯೋದು ಹನ್ನೊಂದನೇ ದಿನದ ಬಾಡೂಟ. 300 ಜನ, ತಲೆಗೆ 150 ಗ್ರಾಂ ಮಟನ್ ಅಂದರೆ 45 ಕೆಜಿ. ಕೆಜಿಗೆ 700 ಹಿಡಿದರೂ 31,500. ಅಕ್ಕಿ, ರಾಗಿ, ಮಸಾಲೆ, ಶಾಮಿಯಾನ, ಅಡುಗೆಯವರು ಸೇರಿದರೆ 60,000 ಮುಟ್ಟುತ್ತೆ. ನೂರಕ್ಕೆ ಮೂರರ ಬಡ್ಡಿಗೆ ತಂದರೆ ತಿಂಗಳಿಗೆ 1,800. ಕೂಲಿ 450 ಅಂದರೂ ನಾಲ್ಕು ದಿನದ ದುಡಿಮೆ ಬರೀ ಬಡ್ಡಿಗೆ. ಅಸಲು ಹಾಗೇ ಇರುತ್ತೆ.

ಇಷ್ಟು ಜನಕ್ಕೆ ಊಟ ಹಾಕಿ ಅಂತ ಮನೆಯವರು ಹೇಳಿರಲ್ಲ. ಮೂರನೇ ದಿನ ಹಾಲು ತುಪ್ಪ ಬಿಡುವಾಗ ಯಾರೋ ಒಬ್ಬರು ‘ಇಡೀ ಊರಿಗೆ ಹೇಳಿಬಿಡಿ’ ಅಂತಾರೆ, ಅಷ್ಟೇ. (ಅಂದವರು ಒಂದು ಸೇರು ಅಕ್ಕಿ ಕೊಡಲ್ಲ.) ಅದಕ್ಕೆ ಅವತ್ತೇ ದಾಯಾದಿಗಳ ಹಿರಿಯರನ್ನ ಕೂರಿಸಿ ಪಟ್ಟಿ ಬರೆಸು: ಹೆಗಲು ಕೊಟ್ಟವರು, ದಾಯಾದಿಗಳು, ಬೀಗರು. ಅರವತ್ತು ದಾಟಬಾರದು. ಎಡೆಗೆ ತೀರಿಕೊಂಡವರಿಗೆ ಇಷ್ಟವಾಗಿದ್ದನ್ನ ಇಡಲಿ, ಬಂದವರಿಗೆ ಅನ್ನ, ಸಾರು, ಪಾಯಸ. ಈ ಮಾತು ಹಿರಿಯರ ಬಾಯಲ್ಲೇ ಬರಬೇಕು. ಆಯಮ್ಮ ಹೇಳಿದರೆ ‘ಗಂಡನಿಗೆ ಊಟ ಹಾಕಲಿಲ್ಲ’ ಅಂತ ಆಡಿಕೊಳ್ತಾರೆ.

ಬರಬೇಕಾದ ದುಡ್ಡೂ ಇರಬಹುದು. ಪಾಸ್‌ಬುಕ್ಕಲ್ಲಿ ಮೇ ಕೊನೆಗೆ 436 ರೂಪಾಯಿ ಕಡಿತವಾಗಿದೆಯಾ ನೋಡು. ಆಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆ, 2 ಲಕ್ಷ. ಎಸ್ಟೇಟಿನಲ್ಲಿ ಪಿಎಫ್ ಹಿಡೀತಿದ್ದರೆ ಮೂರು ಅರ್ಜಿ ಇರುತ್ತೆ: ಪಿಎಫ್ ದುಡ್ಡಿಗೆ (ಫಾರಂ 20), ವಿಧವಾ ಪಿಂಚಣಿಗೆ (10ಡಿ), ಪಿಎಫ್ ಜೊತೆಗಿನ ವಿಮೆಗೆ (5ಐಎಫ್). ಬಹಳ ಮನೆಯವರು ಮೊದಲನೆಯದನ್ನ ಕೊಟ್ಟು ಸುಮ್ಮನಾಗ್ತಾರೆ. ಎಸ್ಟೇಟಿನ ಲೆಕ್ಕ ಬರೆಯೋ ರೈಟರ್ ಹತ್ರ ಮೂರನ್ನೂ ಕೇಳಿ ತಗೋ.

ಆದರೆ ಇದ್ಯಾವುದೂ ಹನ್ನೊಂದನೇ ದಿನದೊಳಗೆ ಕೈಗೆ ಸಿಗಲ್ಲ. ಅದನ್ನ ನಂಬಿ ಸಾಲದ ಪ್ರೋನೋಟಿಗೆ ಸಹಿ ಹಾಕೋದು ಬೇಡ ಅಂತ ಹೇಳು.

ಮರಣ ನೋಂದಣಿ 21 ದಿನದೊಳಗೆ ಮಾಡಿಸಿಬಿಡಿ, ಆಮೇಲೆ ದಂಡ. ಹೆಸರು ಆಧಾರ್, ಪಾಸ್‌ಬುಕ್ಕಲ್ಲಿ ಇದ್ದಂಗೇ ಬರೆಸು. ಒಂದು ಕಡೆ ‘ರಾಮೇಗೌಡ’, ಇನ್ನೊಂದು ಕಡೆ ‘ರಾಮಯ್ಯ’ ಅಂತಿದ್ದರೆ ಎಲ್ಲ ಅರ್ಜಿಯೂ ಅಲ್ಲೇ ನಿಲ್ಲುತ್ತೆ.

ಇಂತಿ ನಿನ್ನ ಗೆಳೆಯ