ಊಟದ ಜಾಗ ಮೊದಲೇ ಗೊತ್ತು ಮಾಡಿಕೊ

ಪ್ರೀತಿಯ ಪುಟ್ಟಿ,

ಮುಂದಿನ ವಾರ ಗೊತ್ತಿಲ್ಲದ ಊರಿಗೆ ಆಫೀಸಿನ ಕೆಲಸದ ಮೇಲೆ ಹೋಗ್ತಿದ್ದೀಯ. ಬೆಳಗ್ಗೆಯಿಂದ ಸಂಜೆವರೆಗೂ ಮೀಟಿಂಗ್ ಇದೆ, ಊಟ ಹೇಗೋ ಆಗುತ್ತೆ ಬಿಡಮ್ಮ ಅಂದೆ. ಅದು ಹಾಗೆ ತಾನಾಗಿ ಆಗಲ್ಲ ಕಣೇ. ನಾನೂ ಕೆಲಸಕ್ಕಾಗಿ ಊರೂರು ಸುತ್ತಿದವಳು. ಇಂಥ ದಿನಗಳಲ್ಲಿ ಎಷ್ಟೋ ಜನ ಊಟ ಬಿಡುತ್ತಾರೆ, ಇಲ್ಲಾ ಕಣ್ಣಿಗೆ ಬಿದ್ದ ಮೊದಲ ಅಂಗಡಿಗೆ ನುಗ್ಗುತ್ತಾರೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮುಖ್ಯವಾದ ಮಾತು ಒಂದೇ. ಹಸಿವಾಗುವ ಮೊದಲೇ ಜಾಗ ಆರಿಸಿಕೊ. ಹಸಿದು ಸುಸ್ತಾಗಿ ನಿಂತಾಗ ಹೋಟೆಲು ಚೊಕ್ಕಟವಾಗಿದೆಯಾ, ಊಟ ಬಿಸಿಯಾಗಿದೆಯಾ ಅಂತ ನೋಡುವ ತಾಳ್ಮೆ ಇರಲ್ಲ. ಹಿಂದಿನ ರಾತ್ರಿ ಹಾಸಿಗೆಗೆ ಹೋಗುವ ಮೊದಲು ಮ್ಯಾಪ್ ತೆಗೆದು ನೋಡು. ಮೀಟಿಂಗ್ ನಡೆಯುವ ಕಟ್ಟಡದ ಹತ್ತಿರ ಎರಡು ಜಾಗ, ನೀನು ಉಳಿಯುವ ಕಡೆ ಒಂದು ಜಾಗ ಗುರುತು ಮಾಡಿಟ್ಟುಕೊ. ಒಂದು ಮುಚ್ಚಿದ್ದರೆ ಇನ್ನೊಂದು ಇರುತ್ತೆ. ಆ ಊರಿನಲ್ಲಿ ಹೆಸರುವಾಸಿಯಾದ ಹೋಟೆಲಿಗೆ ಮಧ್ಯಾಹ್ನ ಹೋಗಲೇಬೇಡ. ಒಂದು ಗಂಟೆ ಬಿಡುವಿನಲ್ಲಿ ಹೋಗಿಬರುವ ದಾರಿ, ಮೇಜು ಸಿಗುವವರೆಗೆ ಕಾಯುವುದು, ಬಿಲ್ ಬರುವುದು ಎಲ್ಲ ಸೇರಿದರೆ ತಿನ್ನೋಕೆ ಉಳಿಯುವುದು ಎಷ್ಟು ಹೊತ್ತು ಹೇಳು? ಅಂಥ ಜಾಗವನ್ನು ಕೆಲಸ ಮುಗಿದ ಸಂಜೆಗೆ ಇಟ್ಟುಕೊ. ನಿಧಾನವಾಗಿ ಕೂತು ಖುಷಿಯಾಗಿ ತಿನ್ನಬಹುದು.

ಮ್ಯಾಪಿನಲ್ಲಿ ಹೋಟೆಲಿಗೆ ಜನ ಕೊಟ್ಟ ಸ್ಟಾರ್ ಒಂದನ್ನೇ ನೋಡಿ ನಂಬಬೇಡ. ಎಷ್ಟು ಜನ ಬರೆದಿದ್ದಾರೆ, ಇತ್ತೀಚೆಗೆ ಬಂದವರು ಏನಂದಿದ್ದಾರೆ ನೋಡು. ಅಡುಗೆಯವರು ಬದಲಾದರೆ ಹಳೆಯ ಹೊಗಳಿಕೆಗೆ ಬೆಲೆಯಿಲ್ಲ. ಹೋಟೆಲಿನವರು ಹಾಕಿದ ಫೋಟೋಗಿಂತ ತಿಂದವರು ಹಾಕಿದ ಫೋಟೋ ನಿಜ ಹೇಳುತ್ತೆ. ರಾತ್ರಿ ತಡವಾಗಿ ಹೋಗುವುದಾದರೆ ಒಂದು ಫೋನ್ ಮಾಡಿ ಕೇಳು. ಬಾಗಿಲು ಹಾಕುವ ಹೊತ್ತಿಗಿಂತ ಮೊದಲೇ ಅಡುಗೆಮನೆ ಮುಚ್ಚುವ ಹೋಟೆಲುಗಳು ಬೇಕಾದಷ್ಟಿವೆ.

ಹೋದ ಮೇಲೆ ನಾನು ಮೊದಲು ನೋಡುವುದು ಊಟದ ಬಿಸಿ. ಅಲಂಕಾರ, ದೀಪ, ಮೆತ್ತನೆ ಕುರ್ಚಿ ಎಲ್ಲ ಆಮೇಲೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರದಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಆಹಾರ ಸುರಕ್ಷತೆಗೆ ಐದು ಸೂತ್ರಗಳನ್ನು ಹೊರತಂದಿತು. ಚೆನ್ನಾಗಿ ಬೇಯಿಸಬೇಕು, 70 ಡಿಗ್ರಿ ಮುಟ್ಟಬೇಕು, ಬೆಂದದ್ದನ್ನು 2 ಗಂಟೆಗಿಂತ ಜಾಸ್ತಿ ಸುಮ್ನೆ ಹೊರಗೆ ಇಡಬಾರದು, ಬಡಿಸುವವರೆಗೂ 60 ಡಿಗ್ರಿಗಿಂತ ಮೇಲೇ ಇರಬೇಕು ಅಂತ ಅದರಲ್ಲಿದೆ. ನೀನು ಥರ್ಮಾಮೀಟರ್ ಹಿಡಿದು ಹೋಗಬೇಕಿಲ್ಲ. ತಟ್ಟೆಯಿಂದ ಹಬೆ ಏಳಬೇಕು, ಅಷ್ಟು ಸಾಕು. ಉಗುರುಬೆಚ್ಚಗೆ ತಂದಿಟ್ಟರೆ ಸಂಕೋಚ ಮಾಡಿಕೊಳ್ಳದೆ ವಾಪಸ್ ಕಳಿಸು. ಆದರೆ ಮತ್ತೆ ಕಾಯಿಸಿದರೆ ಎಲ್ಲ ಸರಿಹೋಗುತ್ತೆ ಅಂತಲೂ ಇಲ್ಲ. ತುಂಬಾ ಹೊತ್ತು ಹೊರಗಿದ್ದ ಊಟದಲ್ಲಿ ಕೆಲವು ಬ್ಯಾಕ್ಟೀರಿಯಾ ವಿಷ ಬಿಟ್ಟಿರುತ್ತವೆ. ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಉಳಿಯಬಹುದು. ಹಾಗಾಗಿ ಅನುಮಾನ ಬಂದರೆ ಬೇರೆ ಏನಾದರೂ ಹೇಳು.

ಜನ ತುಂಬಿದ ಜಾಗಕ್ಕೆ ಹೋಗು ಅನ್ನುವುದೂ ಇದಕ್ಕೇ. ಜನ ಬಂದಂತೆಲ್ಲ ಪಾತ್ರೆ ಖಾಲಿಯಾಗುತ್ತೆ, ಹೊಸದು ಒಲೆ ಮೇಲೆ ಏರುತ್ತೆ. ಮೆನುವಿನಲ್ಲಿ ನೂರಾರು ಬಗೆ ಇದ್ದು ಮೇಜುಗಳೆಲ್ಲ ಖಾಲಿ ಇದ್ದರೆ ನಾನಂತೂ ಒಳಗೆ ಕಾಲಿಡಲ್ಲ. ಬುಫೆ ಇದ್ದರೆ ಶುರುವಾದ ಕೂಡಲೇ ಹೋಗು. ಕೊನೆಗೆ ಹೋದರೆ ಎಷ್ಟೋ ಕೈ ಮುಟ್ಟಿದ ಸೌಟು, ಆರಿದ ಊಟ. ಕೈ ಅಂದ ಕೂಡಲೇ ನೆನಪಾಯಿತು, ತಿನ್ನುವ ಮುಂಚೆ ಸೋಪು ಹಾಕಿ ತೊಳಿ. ವಾಂತಿಭೇದಿ ತರುವ ನೊರೊವೈರಸ್‌ಗೆ ನಿನ್ನ ಬ್ಯಾಗಿನ ಸ್ಯಾನಿಟೈಸರ್ ಅಷ್ಟಾಗಿ ನಾಟಲ್ಲ.

ಮಧ್ಯಾಹ್ನ ಹಿಡಿಸಿದಷ್ಟೇ ತಿನ್ನು, ಹೊಟ್ಟೆ ಬಿರಿಯುವಷ್ಟು ಬೇಡ. ಊಟ ಆದ ಮೇಲಿನ ಮೀಟಿಂಗಿನಲ್ಲಿ ತೂಕಡಿಕೆ ತಡೆಯೋಕೆ ಸಂಜೆ ಕಾಫಿ ಮೇಲೆ ಕಾಫಿ ಕುಡಿಯುತ್ತೀಯ, ಗೊತ್ತು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯಾದರೂ ಮೈಯಲ್ಲೇ ಇರುತ್ತೆ. ರಾತ್ರಿ ನಿದ್ದೆ ಬರಲ್ಲ, ಮಾರನೇ ದಿನ ಮತ್ತೆ ಕಾಫಿ.

ರಾತ್ರಿ ಊಟಕ್ಕೆ ದೂರ ಹೋಗಬೇಡ. ಉಳಿದುಕೊಂಡ ಜಾಗದಿಂದ ಬೆಳಕಿರುವ, ಜನ ಓಡಾಡುವ ರಸ್ತೆಯಲ್ಲಿ ನಡೆದು ಬರುವಷ್ಟು ಹತ್ತಿರ ಇರಲಿ. ಮಲಗುವ ಎರಡು ಮೂರು ಗಂಟೆ ಮೊದಲು ಊಟ ಮುಗಿದಿದ್ದರೆ ಎದೆ ಉರಿ ಕಡಿಮೆ. ಒಬ್ಬಳೇ ಕೂತು ತಿನ್ನೋಕೆ ಮುಜುಗರ ಅಂತ ಹಿಂದೊಮ್ಮೆ ಹೇಳಿದ್ದೆ. ಯಾಕಮ್ಮಾ? ದುಡಿದು ಬಂದಿದ್ದೀಯ, ದುಡ್ಡು ಕೊಟ್ಟು ತಿನ್ನುತ್ತಿದ್ದೀಯ. ಬಾಗಿಲ ಪಕ್ಕದ, ಟಾಯ್ಲೆಟ್ ಪಕ್ಕದ ಮೇಜು ತೋರಿಸಿದರೆ ಬೇಡ ಅನ್ನು. ಗಾಳಿ ಬೆಳಕು ಇರುವ ಕಡೆ ಕೂರು. ನೀನು ಅಲ್ಲಿ ನೆಮ್ಮದಿಯಾಗಿ ಕೂತು ಉಣ್ಣಬೇಕು ಅನ್ನುವುದು ನನಗೆ ಬೇರೆಲ್ಲಕ್ಕಿಂತ ಮುಖ್ಯ.

ರೂಮಿಗೇ ತರಿಸಿಕೊಂಡರೆ ಬಂದ ತಕ್ಷಣ ತಿಂದುಬಿಡು. ಲ್ಯಾಪ್‌ಟಾಪ್ ಮುಂದೆ ಕೂತು ಅರ್ಧ ತಿಂದು, ಉಳಿದದ್ದನ್ನು ಮೇಜಿನ ಮೇಲೆ ಬಿಟ್ಟು ಬೆಳಗ್ಗೆ ತಿನ್ನುವುದು ಬೇಡವೇ ಬೇಡ.

ಆಫೀಸಿನವರು ಒಟ್ಟಿಗೆ ಕರೆದರೆ ಹೋಗು, ನಾಲ್ಕು ಜನರ ಪರಿಚಯ ಆಗುತ್ತೆ. ನಿನಗೆ ಆಗದ ಪದಾರ್ಥ ಯಾವುದು ಅನ್ನುವುದನ್ನು ಜಾಗ ಬುಕ್ ಮಾಡುವ ಮೊದಲೇ ಅವರಿಗೆ ಹೇಳಿಬಿಡು. ಅಲ್ಲಿ ಹೋದ ಮೇಲೆ ಹೇಳಿದರೆ ಎಲ್ಲರಿಗೂ ಪೇಚಾಟ. ಆಫೀಸಿಗೆ ಲೆಕ್ಕ ಕೊಡೋಕೆ ಬಿಲ್ಲಿನ ಫೋಟೋ ಆವಾಗಲೇ ತೆಗೆದಿಟ್ಟುಕೊ.

ನಾಲ್ಕು ಓಆರ್‌ಎಸ್ ಪ್ಯಾಕೆಟ್ ಬ್ಯಾಗಿನಲ್ಲಿ ಹಾಕಿಕೊ. ಹೊಟ್ಟೆ ಕೆಟ್ಟರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು, ಕಡಿಮೆಯೂ ಬೇಡ, ಜಾಸ್ತಿಯೂ ಬೇಡ. ಜ್ವರ ಬಂದರೆ, ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ ಮೀಟಿಂಗ್ ಬಿಟ್ಟು ಡಾಕ್ಟರ ಹತ್ತಿರ ಹೋಗು. ಎಂಥ ದೊಡ್ಡ ಮೀಟಿಂಗಾದರೂ ಸರಿ.

ಹೊರಡುವ ಮೊದಲು ಮೂರು ಜಾಗ ಆರಿಸಿ ನನಗೂ ಕಳಿಸು. ಇಬ್ಬರೂ ಕೂತು ನೋಡೋಣ.

ನಿನ್ನ ಅಮ್ಮ